ಹಿಂದೆ ಕುಂತವರು

ಸುಂದ್ರಮ್ಮನ ಕೈ ಮುರಿದದ್ದು ಬುಧವಾರ ಬೆಳಿಗ್ಗೆ. ಗುರುವಾರ ಹೊತ್ತೇರುವುದರೊಳಗೆ ಸಗರ ಊರಿನ ಚಹಾದಂಗಡಿಯ ಬಾಯಲ್ಲಿ, ಕೂಲಿಯವರ ಗಾಡಿ ಹೊಡೆಯುವ ದ್ಯಾವಪ್ಪ ಕುಡುಕನಾಗಿದ್ದ.

ಹಣಮಂತಮ್ಮ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಾಗ ಹಜರಾಬೀ ಈ ಸುದ್ದಿ ತಂದಳು. ಇಬ್ಬರೂ ಒಂದೇ ಗುಂಪಿನ ಕೂಲಿಯವರು. ಭತ್ತ ನಾಟಿಯ ಕಾಲದಲ್ಲಿ ಊರಿನ ಹೆಣ್ಣುಮಕ್ಕಳನ್ನು ಕೂಡಿಸಿ, ಯಾವ ದಿನ ಯಾರ ಗದ್ದೆ ಎಂದು ಗೊತ್ತು ಮಾಡುವವಳು ಹಣಮಂತಮ್ಮ. ಅವಳ ಮಾತಿಗೆ ಗುಂಪು ಏಳುತ್ತಿತ್ತು, ಅವಳ ಮಾತಿಗೆ ಕೂರುತ್ತಿತ್ತು.

“ಮುಂಜಾನೆದ್ದು ಏರಿಸಿದ್ದನಂತ ದ್ಯಾವ್ಯಾ. ಅದಕ್ಕ ಗಾಡಿ ಕಾಲುವಿ ಕಡಿ ಹೋತಂತ,” ಎಂದಳು ಹಜರಾಬೀ. “ಮಹಾದೇವಪ್ಪ ಸಾವ್ಕಾರ ಎಲ್ಲಾರ ಮುಂದ ಹೇಳಾಕತ್ತಾನ.”

ಹಣಮಂತಮ್ಮನ ಕೈ ಹಿಟ್ಟಿನ ಮೇಲೆಯೇ ನಿಂತಿತು. “ಯಾರು? ನಮ್ಮ ದ್ಯಾವಪ್ಪನೇನು? ಅಂವ ಕುಡದಿದ್ದು ನೀ ಯಾವತ್ತರ ನೋಡೀಯೇನು?”

“ನಾ ಎಲ್ಲಿ ನೋಡ್ಲಿ? ಬೀಡಿ ಸುದ್ದಾ ಸೇದಂಗಿಲ್ಲ ಅಂವ.”

ಹೆಂಚಿನ ಮೇಲಿದ್ದ ರೊಟ್ಟಿ ಕಪ್ಪಾಗಿ ಹೊಗೆಯಾಡಿತು. ಹಣಮಂತಮ್ಮ ಅದನ್ನು ತೆಗೆಯಲಿಲ್ಲ. ಅವಳ ಕಣ್ಣ ಮುಂದೆ ಬುಧವಾರದ ಬೆಳಗು ಬಂದು ನಿಂತಿತ್ತು.

ಮಹಾದೇವಪ್ಪನ ಪಿಕಪ್ ಹಳೆಯದು. ಬೇಸಿಗೆಯಲ್ಲಿ ಅದು ಯೂರಿಯಾ, ಪೊಟ್ಯಾಷ್ ಚೀಲ ಹೊರುತ್ತಿತ್ತು. ಮಳೆಗಾಲ ಹಿಡಿದಾಗ ಅವನ ಗೋದಾಮಿನ ಅಂಗಳದಲ್ಲಿ, ಕಾಲುವೆಯ ಬಸಿನೀರು ನಿಂತ ಕೆಸರಿನಲ್ಲಿ, ಚಕ್ರ ಅರ್ಧ ಮುಳುಗಿಸಿಕೊಂಡು ನಿಂತಿರುತ್ತಿತ್ತು. ನಾಟಿ ಶುರುವಾದ ಕೂಡಲೇ ಅದೇ ಗಾಡಿ ಹೆಣ್ಣಾಳುಗಳನ್ನು ಹೊತ್ತು ಕಾಲುವೆಯ ಕೆಳಗೆ ವಲಸೆ ರೈತರು ನೆಲೆನಿಂತ ಕ್ಯಾಂಪುಗಳ ಗದ್ದೆಗೆ ಹೊರಡುತ್ತಿತ್ತು. ಹಿಂದೆ ಎರಡು ಅಡ್ಡಹಲಗೆ, ಹಿಡಿದುಕೊಳ್ಳಲು ಒಂದು ಹಗ್ಗ, ಅಷ್ಟೇ. ಕೆಲವರು ಕೂರುತ್ತಿದ್ದರು, ಉಳಿದವರು ನಿಲ್ಲುತ್ತಿದ್ದರು.

ಆ ದಿನ ಮೊಣಕಾಲು ಬಾತಿದ್ದರಿಂದ ಹಣಮಂತಮ್ಮ ಮುಂದೆ, ದ್ಯಾವಪ್ಪನ ಪಕ್ಕದಲ್ಲಿ ಕೂತಿದ್ದಳು. ಕಾಲುವೆಯ ಏರಿಯ ಮೇಲಿನ ದಾರಿ ಒಂದು ಕಡೆ ಇಳಿಜಾರಾಗಿ, ಕೆಳಗೆ ಸಣ್ಣ ಸೇತುವೆಯ ಹತ್ತಿರ ತಿರುಗುತ್ತದೆ. ತಿರುವಿನ ಆಚೆ ತುಂಬಿ ಹರಿಯುವ ನೀರು. ಇಳಿಜಾರಿಗೆ ಬಂದಾಗ ಮುಂದಿನ ಚಕ್ರದಿಂದ ಕರಕರ ಸದ್ದು ಬಂತು. ದ್ಯಾವಪ್ಪ ಬ್ರೇಕು ಒತ್ತಿದ. ಪೆಡಲು ನೆಲಕ್ಕೆ ತಾಗಿತು. ಮತ್ತೆ ಒತ್ತಿದ, ಮತ್ತೆ ಮತ್ತೆ ಒತ್ತಿದ. ಗಾಡಿ ಒಂದಿಷ್ಟು ತಡೆದಂತೆ ಮಾಡಿ ಮತ್ತೆ ಜಾರಿತು. ಅವನು ಗೇರು ಇಳಿಸಿದ, ಹ್ಯಾಂಡ್ ಬ್ರೇಕು ಎಳೆದ, “ಚಿಗವ್ವಾ, ಗಟ್ಟಿ ಹಿಡ್ಕೋ!” ಎಂದು ಕೂಗಿದ. ಕಾಲುವೆಯಿಂದ ತೆಗೆದು ದಂಡೆಯಲ್ಲಿ ಸುರಿದಿದ್ದ ಹೂಳಿನ ಗುಡ್ಡೆಗೆ ಗಾಡಿಯ ಮೂತಿ ನುಗ್ಗಿಸಿದ.

ಗಾಡಿ ನಿಂತಿತು. ಹಿಂದಿದ್ದವರು ಒಬ್ಬರ ಮೇಲೊಬ್ಬರು ಬಿದ್ದರು. ಸುಂದ್ರಮ್ಮನ ಕೈ ಹಲಗೆಗೂ ಕಬ್ಬಿಣದ ಪಟ್ಟಿಗೂ ನಡುವೆ ಸಿಕ್ಕಿತ್ತು. ಮೊದಲು ಅವಳು ಅಳಲೂ ಇಲ್ಲ. ತನ್ನ ಕೈ ಯಾಕೆ ಹೀಗೆ ಬಾಗಿದೆ ಎಂದು ನೋಡುತ್ತ ಕೂತಿದ್ದಳು. ಗುಡ್ಡೆಯ ಆಚೆ ನಾಲ್ಕು ಹೆಜ್ಜೆಗೆ ನೀರು.

ಆ ಮನುಷ್ಯ ಕುಡುಕನಂತೆ.

ಹಣಮಂತಮ್ಮ ಹಿಟ್ಟಿನ ಕೈಯನ್ನೂ ತೊಳೆಯದೆ ಎದ್ದು ಹೊರಟಳು. ಮೊಣಕಾಲು ನೋಯುತ್ತಿತ್ತು. ನೋವಿನ ಮೇಲೂ ಸಿಟ್ಟು ಬಂದಂತೆ ಕಾಲನ್ನು ನೆಲಕ್ಕೆ ಕುಟ್ಟುತ್ತ ನಡೆದಳು.

ಚಹಾದಂಗಡಿಯ ಬೆಂಚಿನ ಮೇಲೆ ಮಹಾದೇವಪ್ಪ ಬಸಿಯಲ್ಲಿ ಚಹಾ ಸುರಿದುಕೊಂಡು ಊದುತ್ತಿದ್ದ. ಗೊಬ್ಬರದ ಅಂಗಡಿ, ಗೋದಾಮು, ಪಿಕಪ್ಪು ಇರುವ ಮನುಷ್ಯ. ಯಾರೊಂದಿಗೂ ಏರಿದ ದನಿಯಲ್ಲಿ ಮಾತಾಡಿದವನಲ್ಲ. ಅವಳನ್ನು ಕಂಡು ತಾನೇ ಮೊದಲು ಮಾತು ತೆಗೆದ.

“ಬಾ ಹಣಮಂತಮ್ಮ. ನಾಳಿಗಿ ಬ್ಯಾರೇ ಡ್ರೈವರನ ಕಳಸ್ತೀನಿ. ಗಾಡಿ ಶಹಾಪುರದಾಗ ಉಸ್ಮಾನಸಾಬನ ಹತ್ತಿರ ಅದ, ಮೂತಿ ಒಂದು ಜರಾ ಬಡದು ಸರಿ ಮಾಡ್ತಾನ. ಆ ಕುಡುಕನ್ನ ಬಿಡಿಸೀನಿ, ನೀವೇನು ಅಂಜಬ್ಯಾಡ್ರಿ.”

“ಸಾವ್ಕಾರ್ರ, ನಾ ಅವನ ಬಾಜೂಕೇ ಕುಂತಿದ್ದೆ. ಅವನ ಬಾಯಿ ವಾಸನಿ ನನಗ ಗೊತ್ತದೋ, ಇಲ್ಲಿ ಕುಂತು ಚಹಾ ಕುಡಿಯೋ ನಿಮಗ ಗೊತ್ತದೋ?”

ಬೆಂಚಿನ ಮೇಲಿದ್ದವರು ತಲೆ ಎತ್ತಿದರು. ಮಹಾದೇವಪ್ಪ ನಕ್ಕ. “ನಿಮ್ಮ ಓಣಿ ಹುಡುಗ ಅಂತ ಎತ್ತಿ ಕಟ್ಟಬ್ಯಾಡ.”

“ಅಂವ ಕಾಲು ಕೊಟ್ಟಾಗ ಬ್ರೇಕು ತಳಕ್ಕ ಹೋತು. ನಾ ನನ್ನ ಕಣ್ಣೀಲೆ ನೋಡೀನಿ.”

“ಬ್ರೇಕು ಬರೋಬರಿ ಅದ. ನಾಟಿ ಸುರು ಆಗೋಕಿನ ಮೊದಲು ಹೊಸಾ ಪ್ಯಾಡ್ ಹಾಕ್ಸೀನಿ. ನಿನಗೇನು ತಿಳೀತದ ಬ್ರೇಕಿಂದು?”

“ಒತ್ತಿದ್ರ ಗಾಡಿ ನಿಂದ್ರಬೇಕು. ಇದಕ್ಕಿಂತ ಹೆಚ್ಚಿಗಿ ತಿಳೀಬೇಕೇನ್ರಿ?”

ಯಾರೋ ಒಬ್ಬರು ಕಿಸಕ್ಕನೆ ನಕ್ಕರು. ಮಹಾದೇವಪ್ಪನ ಮುಖ ಬಿಗಿಯಾಯಿತು. ಹಣಮಂತಮ್ಮ ಅಲ್ಲಿಯೇ ಹೇಳಿಬಿಟ್ಟಳು. ಗಾಡಿಯ ಚಕ್ರ ಬಿಚ್ಚಿ ತಮ್ಮ ಕಣ್ಣ ಮುಂದೆ ತೋರಿಸುವ ತನಕ ಗುಂಪಿನ ಒಬ್ಬ ಹೆಣ್ಣುಮಗಳೂ ಅದಕ್ಕೆ ಕಾಲಿಡುವುದಿಲ್ಲ.

ಅವನು ಇದನ್ನು ಮೊದಲು ಗಣನೆಗೆ ತೆಗೆದುಕೊಳ್ಳಲಿಲ್ಲ. ಆದರೆ ಮಡಿಯಲ್ಲಿ ಸಸಿ ಬಲಿಯುತ್ತಿತ್ತು. ಕೆಸರು ಹೊಡೆದಿಟ್ಟ ಗದ್ದೆಗಳಲ್ಲಿ ನೀರು ನಿಂತಿತ್ತು. ಆಳು ಕಳಿಸುತ್ತೇನೆಂದು ಮಹಾದೇವಪ್ಪ ಕ್ಯಾಂಪಿನ ರೈತರಿಗೆ ಮಾತು ಕೊಟ್ಟಿದ್ದ, ಅವರಿಗೆ ಗೊಬ್ಬರ ಮಾರುವವನೂ ಅವನೇ. ದೋರನಹಳ್ಳಿಯ ಕಡೆಯಿಂದ ಬೇರೆ ಆಳು ತರಿಸಲು ನೋಡಿದ. ನಾಟಿಯ ದಿನಗಳಲ್ಲಿ ಖಾಲಿ ಕೂತ ಕೈ ಎಲ್ಲಿ ಸಿಗಬೇಕು? ಮಧ್ಯಾಹ್ನದ ಹೊತ್ತಿಗೆ ಅವನ ಫೋನು ಬಿಡದೆ ಬಡಿದುಕೊಳ್ಳತೊಡಗಿತು. ಸಂಜೆ ತಾನೇ ಹಣಮಂತಮ್ಮನ ಮನೆಯ ಕಟ್ಟೆಗೆ ಬಂದ.

“ನಡೀರಿ ನಾಳಿಗಿ ಶಹಾಪುರಕ್ಕ. ಉಸ್ಮಾನಸಾಬನ ಬಾಯೀಲೇ ಕೇಳ್ರಿ. ಆಮ್ಯಾಗ ನಿಮ್ಮ ಬಾಯಿ ಬಂದ್ ಆಗಬೇಕು ನೋಡು.”

ಶುಕ್ರವಾರ ಮೊದಲ ಬಸ್ಸಿಗೆ ಹಣಮಂತಮ್ಮ ಹೊರಟಳು. ಜೊತೆಗೆ ಹಜರಾಬೀ, ಮತ್ತು ಬರುವುದಿಲ್ಲ ಬರುವುದಿಲ್ಲ ಎನ್ನುತ್ತಿದ್ದ ದ್ಯಾವಪ್ಪ. ಅವನನ್ನು ಅವಳು ಕೈಹಿಡಿದು ಬಸ್ಸು ಹತ್ತಿಸಿದಳು. ಎರಡು ದಿನದಿಂದ ಅವನು ಮನೆಬಿಟ್ಟು ಹೊರಬಿದ್ದಿರಲಿಲ್ಲ. ಹೆಂಡತಿಯ ತವರಿನವರು ಫೋನು ಮಾಡಿ, ಕುಡಿಯಲು ಶುರುಮಾಡಿದ್ದೀಯಂತೆ ಎಂದು ಕೇಳಿದ್ದರು.

ಉಸ್ಮಾನಸಾಬನ ಗ್ಯಾರೇಜು ಅಂದರೆ ಬಸ್ ನಿಲ್ದಾಣದ ಹಿಂದೆ, ಗುಡ್ಡದ ಕಡೆಗೆ ಮುಖಮಾಡಿದ ಒಂದು ತಗಡಿನ ಚಪ್ಪರ. ಗಡ್ಡ ನರೆತ, ಮಾತು ಕಡಿಮೆಯ ಮನುಷ್ಯ ಅವನು. ಸುತ್ತಲ ಹಳ್ಳಿಗಳ ಟ್ರ್ಯಾಕ್ಟರು, ಪಿಕಪ್ಪುಗಳೆಲ್ಲ ಅವನ ಕೈಗೇ ಬರುತ್ತಿದ್ದವು. ಮಹಾದೇವಪ್ಪ ಅವರಿಗಿಂತ ಮೊದಲೇ ಬಂದು ಕುರ್ಚಿ ಹಾಕಿಸಿಕೊಂಡು ಕೂತಿದ್ದ.

“ಉಸ್ಮಾನ್, ಇವರಿಗಿ ಜರಾ ತಿಳಿಸಿ ಹೇಳು. ಹೊಸಾ ಪ್ಯಾಡ್ ಹಾಕೀಯೋ ಇಲ್ಲೋ?”

“ಹಾಕೀನ್ರಿ.”

“ಕೇಳಿದ್ರಲ್ಲ? ಮುಗೀತು.”

“ಬಿಚ್ಚಿ ತೋರಸು ಉಸ್ಮಾನಣ್ಣ,” ಎಂದಳು ಹಣಮಂತಮ್ಮ.

ಉಸ್ಮಾನಸಾಬ ಮಾಲೀಕನ ಮುಖ ನೋಡಿದ. ಮಾಲೀಕ ಗುಡ್ಡ ನೋಡಿದ. ಉಸ್ಮಾನಸಾಬ ಜಾಕು ತಂದು ಗಾಡಿಯ ಮುಂಭಾಗ ಎತ್ತಿದ. ನಟ್ಟು ಸಡಿಲಿಸಿ ಚಕ್ರ ತೆಗೆದ. ಚಕ್ರದ ಹಿಂದೆ ತಿರುಗುವ ಕಬ್ಬಿಣದ ತಟ್ಟೆಯೇ ಡಿಸ್ಕು. ಅದನ್ನು ಎರಡೂ ಕಡೆಯಿಂದ ಪ್ಯಾಡು ಅದುಮಿ ಹಿಡಿದರೆ ಗಾಡಿ ನಿಲ್ಲಬೇಕು. ಆ ತಟ್ಟೆ ಈಗ ತಟ್ಟೆಯಂತಿರಲಿಲ್ಲ. ಅಂಚಿನಲ್ಲಿ ತುಕ್ಕು ಹಕ್ಕಳೆಗಟ್ಟಿ ಏಣಾಗಿ ನಿಂತಿತ್ತು. ನಡುವೆ ನೇಗಿಲು ಹೊಡೆದಂತೆ ಗೆರೆ ಬಿದ್ದಿತ್ತು. ಹಣಮಂತಮ್ಮ ಬೆರಳಿಟ್ಟು ಒತ್ತಿದರೆ ಕೆಂಪು ಹುಡಿ ಉದುರಿತು. ಒಳಬದಿಯಿಂದ ಎಣ್ಣೆ ಸೋರಿ ಮಣ್ಣು ಮೆತ್ತಿಕೊಂಡಿತ್ತು.

ಉಸ್ಮಾನಸಾಬ ಎರಡು ಪ್ಯಾಡನ್ನೂ ಕಿತ್ತು ಅವಳ ಅಂಗೈಗೆ ಹಾಕಿದ. ಡಿಸ್ಕನ್ನು ಹಿಡಿಯಬೇಕಾದ ಕಪ್ಪು ಪದರು ಸವೆದು ಹೋಗಿ, ಬರೀ ತಗಡು ಉಳಿದಿತ್ತು.

“ಇವು ಹೊಸಾವೇನು?”

“ಹಾಕಿದಾಗ ಹೊಸಾವೇ ಇದ್ದವಕ್ಕ. ಡಿಸ್ಕ್ ತಿಂದು ಹಾಕ್ಯಾದ. ಬೆಲ್ಲ ತುರೇಮಣಿಗಿ ತಿಕ್ಕಿದಂಗ. ಪ್ಯಾಡ್ ಸವದ ಮ್ಯಾಗ ಅದನ್ನ ಒತ್ತೋ ಪಿಸ್ಟನ್ ಹೊರಗ ಬಂದು ಆಯಿಲ್ ಸೋರ್ಯಾದ. ಆಯಿಲ್ ಇಲ್ಲಂದ್ರ ಪೆಡಲ್ ತಳಕ್ಕೇ ಹೋಗೋದು.”

“ಹಾಕೋ ಮುಂದ ಡಿಸ್ಕ್ ಹಿಂಗ ಇತ್ತೇನು?”

ಉಸ್ಮಾನಸಾಬ ಬಟ್ಟೆಯಲ್ಲಿ ಕೈ ಒರೆಸಿಕೊಂಡ.

“ನಿನ್ನ ಕೇಳಾಕತ್ತೀನಿ ಅಣ್ಣ.”

“ಇತ್ತು. ಹೇಳಿದ್ದೆ ಸಾವ್ಕಾರ್ರಿಗಿ. ಎರಡೂ ಡಿಸ್ಕ್ ಹೋಗ್ಯಾವ, ಹೊಸಾವು ಹಾಕಬೇಕು ಅಂತ. ಸುಗ್ಗಿ ಆದಮ್ಯಾಗ ನೋಡಾಮು, ಈಗ ಬರೀ ಪ್ಯಾಡ್ ಹಾಕು ಅಂದ್ರು.”

“ಯಾವಾಗ ಹೇಳೀಯೋ ಉಸ್ಮಾನ್?” ಮಹಾದೇವಪ್ಪ ಕುರ್ಚಿಯಿಂದ ಎದ್ದ.

“ಇಲ್ಲೇ ನಿಂತು ಹೇಳೀನ್ರಿ. ನೀವು ಇದೇ ಕುರ್ಚಿ ಮ್ಯಾಗ ಕುಂತಿದ್ರಿ.”

ಎರಡು ದಿನದಿಂದ ಕುಗ್ಗಿದ್ದ ದ್ಯಾವಪ್ಪನ ಭುಜ ಸ್ವಲ್ಪ ನೆಟ್ಟಗಾಯಿತು. ಹಣಮಂತಮ್ಮ ಗೆದ್ದಳು ಎಂದೇ ಹಜರಾಬೀ ಅಂದುಕೊಂಡಳು. ಆದರೆ ಹಣಮಂತಮ್ಮನ ಸಿಟ್ಟು ಆಗ ಇಳಿಯುವ ಬದಲು ನೆತ್ತಿಗೇರಿತು.

“ಅಂದ್ರ ನಿನಗ ಗೊತ್ತಿತ್ತು!” ಅವಳು ಉಸ್ಮಾನಸಾಬನ ಮುಂದೆಯೇ ಹೋಗಿ ನಿಂತಳು. “ಗೊತ್ತಿದ್ದೂ ಇದರ ಮ್ಯಾಗೇ ಪ್ಯಾಡ್ ಹಾಕಿ ಕಳಸೀದಿ. ಈ ಗಾಡ್ಯಾಗ ಹೆಣ್ಣುಮಕ್ಕಳು ಹೋಗ್ತಾರಂತ ಗೊತ್ತಿದ್ದಿಲ್ಲೇನು ನಿನಗ?”

“ಮಾಲಕ ಬ್ಯಾಡಂದ ಮ್ಯಾಗ ನಾ ಏನ್ ಮಾಡ್ಲಕ್ಕ? ಹೇಳೋದು ಹೇಳೀನಿ.”

“ಯಾರಿಗಿ ಹೇಳೀದಿ? ಗಾಡಿ ಇದ್ದವಗ ಹೇಳೀದಿ. ಗಾಡ್ಯಾಗ ಕುಂತವರಿಗಿ ಹೇಳೀಯೇನು? ಸಗರ ಅಷ್ಟು ದೂರ ಅದೇನು ಶಹಾಪುರಕ್ಕ? ಹಜರಾಬೀ ನಿನ್ನ ಬೀಗರ ಪೈಕಿ ಅಲ್ಲೇನು? ಮದವಿ ಊಟಕ್ಕ ಆಕಿನ್ನ ಕರೀಲಿಕ್ಕಿ ಬಂದಿದ್ದಿ, ಈ ಗಾಡಿ ಹತ್ತಬ್ಯಾಡ ಅಂತ ಒಂದು ಮಾತು ಹೇಳ್ಲಿಕ್ಕಿ ಬರಲಿಲ್ಲ?”

ಉಸ್ಮಾನಸಾಬ ಹಜರಾಬೀಯ ಮುಖ ನೋಡಲಾರದೆ ಬಾಗಿ ಸ್ಪ್ಯಾನರ್ ಹುಡುಕತೊಡಗಿದ. ಸ್ಪ್ಯಾನರ್ ಅವನ ಕೈಯಲ್ಲೇ ಇತ್ತು.

ಹಣಮಂತಮ್ಮ ತಿರುಗಿದಳು. “ದ್ಯಾವಪ್ಪ, ನಿನಗ?”

ಅವನು ನೆಲ ನೋಡಿದ.

“ನಿನಗೂ ಗೊತ್ತಿತ್ತೇನು?”

“ಕರಕರ ಅಂತಿತ್ತು ಚಿಗವ್ವ. ಒಂದು ವಾರಾತು, ಪೆಡಲೂ ಮೆತ್ತಗಾಗಿತ್ತು. ಸಾವ್ಕಾರ್ರಿಗಿ ಎರಡು ಸಲ ಹೇಳ್ದೆ. ಅಂಜಿಕಿ ಬಂದ್ರ ಚಾವಿ ಕೊಡು, ಡ್ರೈವರಗೋಳು ರಗಡ ಸಿಗ್ತಾರ ಅಂದ್ರು.”

“ನಮಗ ಯಾಕ ಹೇಳಲಿಲ್ಲ?”

“ಹೇಳಿದ್ರ ನೀವು ಯಾರೂ ಹತ್ತತಿದ್ದಿಲ್ಲ.”

“ಅದಕ್ಕೇ ಹೇಳಬೇಕಿತ್ತೋ ಖೋಡಿ!”

ಅವಳ ದನಿ ತಗಡಿಗೆ ಬಡಿದು ಮರಳಿತು. ಆಚೆ ಪಂಕ್ಚರ್ ಅಂಗಡಿಯವನು ಕೆಲಸ ಬಿಟ್ಟು ನೋಡಿದ. ದ್ಯಾವಪ್ಪನ ಕಣ್ಣಲ್ಲಿ ನೀರು ಬಂತು. ಅವಳಿಗೆ ಅಯ್ಯೋ ಅನ್ನಿಸಲಿಲ್ಲ. ಇವನಿಗಾಗಿಯೇ ತಾನು ಬಂದದ್ದು, ಇವನು ಸುಳ್ಳು ಹೊತ್ತದ್ದಕ್ಕೇ ತನ್ನ ಹೊಟ್ಟೆ ಉರಿದದ್ದು. ಮಾಲೀಕನಿಗೆ ಗೊತ್ತಿತ್ತು, ಮಿಸ್ತ್ರಿಗೆ ಗೊತ್ತಿತ್ತು, ಡ್ರೈವರನಿಗೆ ಗೊತ್ತಿತ್ತು. ಗೊತ್ತಿಲ್ಲದವರು ಬುತ್ತಿಗಂಟು ತೊಡೆಯ ಮೇಲಿಟ್ಟುಕೊಂಡು, ನಗುತ್ತ, ಹಾಡುತ್ತ ಹಿಂದೆ ಕೂತಿದ್ದವರು ಮಾತ್ರ.

ಮಹಾದೇವಪ್ಪ ನಡುವೆ ಬಂದು ಮೆಲ್ಲಗೆ ಹೇಳಿದ. “ಆಗಿದ್ದು ಆತು. ಉಸ್ಮಾನ್, ಡಿಸ್ಕ್ ಎರಡೂ ಬಿಚ್ಚಿ ಲೇಥಿಗಿ ಒಯ್ದು ಮ್ಯಾಗಿಂದು ಒಂದು ಪದರು ಹೆರಸು. ನುಣ್ಣಗ ಆಗ್ತಾವ. ಹೊಸಾ ಪ್ಯಾಡ್ ಹಾಕು.”

“ಆಗಂಗಿಲ್ರಿ. ಹೆರದ್ರ ಕಾಗದದಂಗ ಆಗ್ತಾವ. ಕಾದ ಕೂಡಲೇ ಸೀಳ್ತಾವ.”

“ಈ ನಾಟಿ ಒಂದು ಮುಗೀಲಿ.”

ಉಸ್ಮಾನಸಾಬ ಸ್ಪ್ಯಾನರ್ ಕೆಳಗಿಟ್ಟ. “ನಾ ಹಾಕಂಗಿಲ್ರಿ. ಒಂದು ಸಲ ನಿಮ್ಮ ಮಾತು ಕೇಳಿ ಹಾಕೀನಿ, ಇವತ್ತು ಈ ಅಕ್ಕ ನನ್ನ ಮುಖಕ್ಕ ಉಗುಳೋದು ಒಂದು ಬಾಕಿ ಉಳದದ. ಹೊಸಾ ಡಿಸ್ಕ್ ತರಸ್ತೀರೇನು, ಹೇಳ್ರಿ. ಇಲ್ಲಂದ್ರ ಗಾಡಿ ಎಳಕೊಂಡು ಬ್ಯಾರೇ ಕಡಿ ಒಯ್ರಿ.”

ಮಹಾದೇವಪ್ಪ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಅವನ ಫೋನು ಮತ್ತೆ ಬಡಿದುಕೊಂಡಿತು. ಆ ಕಡೆಯ ರೈತನ ಕೂಗು ಎಲ್ಲರಿಗೂ ಕೇಳಿಸಿತು. ಅವನು ಫೋನಿನ ಮೇಲೆ ಅಂಗೈ ಮುಚ್ಚಿ, ಯಾರ ಮುಖವನ್ನೂ ನೋಡದೆ, “ತರಸು,” ಎಂದ.

ಡಿಸ್ಕು ಶಹಾಪುರದಲ್ಲಿ ಸಿಗಲಿಲ್ಲ. ಯಾದಗಿರಿಯ ಅಂಗಡಿಯಿಂದ ಬಸ್ಸಿನಲ್ಲಿ ಹಾಕಿ ಕಳಿಸಿದರು. ಬರುವ ತನಕ ಉಸ್ಮಾನಸಾಬ ಹಳೆಯದನ್ನು ಕಳಚಲು ಹೆಣಗಿದ. ಬೋಲ್ಟುಗಳು ತುಕ್ಕಿನಲ್ಲಿ ಕಲ್ಲಾಗಿದ್ದವು. ಸೀಮೆಎಣ್ಣೆ ಕುಡಿಸಿ, ಕಾದು, ಸುತ್ತಿಗೆಯಿಂದ ಸುತ್ತಲೂ ಬಡಿದು, ಪೈಪು ಸಿಕ್ಕಿಸಿದ ಸ್ಪ್ಯಾನರಿಗೆ ದ್ಯಾವಪ್ಪನೂ ಅವನೂ ಕೂಡಿ ಜೋತುಬಿದ್ದಾಗ ಒಂದೊಂದಾಗಿ ಕಿರುಗುಟ್ಟಿ ಸಡಿಲಾದವು. ಹಣಮಂತಮ್ಮ ಹಳೆಯ ಟೈರಿನ ಮೇಲೆ ಕೂತು ಒಂದನ್ನೂ ಬಿಡದೆ ನೋಡಿದಳು. ಹಜರಾಬೀ ಬುತ್ತಿ ಬಿಚ್ಚಿದರೂ ಕಣ್ಣು ತೆಗೆಯಲಿಲ್ಲ.

ಮಧ್ಯಾಹ್ನದ ಬಸ್ಸಿಗೆ ಡಿಸ್ಕು ಬಂದವು. ಉಸ್ಮಾನಸಾಬ ಅವುಗಳ ಮೇಲಿನ ಜಿಡ್ಡನ್ನು ಪೆಟ್ರೋಲಿನಲ್ಲಿ ತೊಳೆದ. ಡಿಸ್ಕು ಕೂರುವ ಜಾಗದ ತುಕ್ಕನ್ನು ತಂತಿ ಬ್ರಷ್ಷಿನಿಂದ ಉಜ್ಜಿ ತೆಗೆದ ಮೇಲೆಯೇ ಅವನ್ನು ಕೂರಿಸಿದ. ಸೋರುತ್ತಿದ್ದ ಪಿಸ್ಟನ್ನಿನ ರಬ್ಬರು ಬದಲಿಸಿದ. ಪಿಸ್ಟನ್ನನ್ನು ಮೆಲ್ಲಗೆ ಒಳಗೆ ಒತ್ತಿ, ಜಾರುವ ಪಿನ್ನುಗಳಿಗೆ ಗ್ರೀಸು ಸವರಿ, ಹೊಸ ಪ್ಯಾಡು ಸಿಕ್ಕಿಸಿದ. ಎಡಕ್ಕೆ ಮಾಡಿದ್ದನ್ನೇ ಬಲಕ್ಕೂ ಮಾಡಿದ. ಹೊಸ ಎಣ್ಣೆ ತುಂಬಿ, ದ್ಯಾವಪ್ಪನಿಂದ ಪೆಡಲು ಒತ್ತಿಸುತ್ತ ಒಳಗಿನ ಗಾಳಿಯೆಲ್ಲ ಹೊರಬಿಡಿಸಿದ. ಪೆಡಲು ಗಟ್ಟಿಯಾಗಿ ಮೇಲೆ ನಿಂತಿತು. ಕೇಳದಿದ್ದರೂ ಪ್ರತಿಯೊಂದನ್ನೂ ಅವಳಿಗೆ ತೋರಿಸಿಯೇ ಮುಂದಿನದಕ್ಕೆ ಕೈಹಾಕುತ್ತಿದ್ದ.

“ಅಕ್ಕ, ಸುರುವಿಗೆ ಮೆಲ್ಲಕ ಹಿಡಕೋತ ಹೋಗಬೇಕು. ಪ್ಯಾಡ್ ಡಿಸ್ಕಿಗಿ ಕೂಡ್ಲಿ,” ಎಂದ ಕೊನೆಗೆ.

“ಯಾರು ಹೊಡೀತಾರ ಗಾಡಿ?” ಎಂದಳು ಹಣಮಂತಮ್ಮ.

“ಹೊಸಾ ಡ್ರೈವರ್...” ಎಂದು ಮಹಾದೇವಪ್ಪ ಶುರುಮಾಡಿದ.

“ದ್ಯಾವಪ್ಪ ಹೊಡೀತಾನ. ನೀವು ಹಿಂದ ಕುಂದರ್ರಿ.”

“ಏನು?”

“ಬ್ರೇಕು ಬರೋಬರಿ ಆಗ್ಯಾದಲ್ಲ? ಹಿಂದ ಕುಂದರ್ರಿ, ಹಲಗಿ ಮ್ಯಾಗ. ನಾವೂ ಕುಂದರ್ತೀವಿ. ಕಾಲುವಿ ಇಳಿಜಾರು ಇಳದು ನೋಡಾಮು.”

ಅವನು ನಗಲು ನೋಡಿದ. ಯಾರೂ ಜೊತೆಗೂಡಲಿಲ್ಲ. ಉಸ್ಮಾನಸಾಬ ಹಿಂದಿನ ತಗಡಿನ ಬಾಗಿಲು ಇಳಿಸಿ, “ಹತ್ರಿ ಸಾವ್ಕಾರ್ರ, ನಾನೂ ಬರ್ತೀನಿ,” ಎಂದ. ಮಹಾದೇವಪ್ಪ ಧೋತರದ ಚುಂಗು ಎತ್ತಿ ಹಿಡಿದುಕೊಂಡು, ಒಮ್ಮೆ ಕಾಲು ಜಾರಿ, ಎರಡನೆಯ ಸಲಕ್ಕೆ ಹತ್ತಿದ. ಎಷ್ಟೋ ವರ್ಷದಿಂದ ಗಾಡಿ ಅವನದು. ಅದರ ಹಿಂಭಾಗದಲ್ಲಿ ಅವನು ಕೂತದ್ದು ಅಂದೇ ಮೊದಲು.

ದಾರಿಯುದ್ದಕ್ಕೂ ದ್ಯಾವಪ್ಪ ಮೆಲ್ಲಮೆಲ್ಲಗೆ ಬ್ರೇಕು ಹಿಡಿದು ಬಿಟ್ಟು ಮಾಡುತ್ತ ಬಂದ. ಏರಿಯ ಮೇಲೆ ಬಂದಾಗ ಮಹಾದೇವಪ್ಪ ಹಗ್ಗ ಹಿಡಿದ. ಇಳಿಜಾರು ಕಂಡಾಗ ಎರಡೂ ಕೈಯಿಂದ ಹಿಡಿದ. ಹಿಂದೆ ಕೂತವನಿಗೆ ದಾರಿ ಕಾಣುವುದಿಲ್ಲ. ಕಾಣುವುದು ಪಕ್ಕದ ನೀರು ಮಾತ್ರ, ಕೆಂಪಗೆ, ಸುಳಿ ಸುಳಿಯಾಗಿ ಓಡುವ ನೀರು. ಗಾಡಿ ಇಳಿಯತೊಡಗಿತು, ಓಟ ಹೆಚ್ಚಾಯಿತು. “ದ್ಯಾವಪ್ಪಾ, ಹಿಡಿ! ಹಿಡಿಯೋ!” ಎಂದು ಮಹಾದೇವಪ್ಪ ಕಿರುಚಿದ. ದ್ಯಾವಪ್ಪ ಬ್ರೇಕು ಒತ್ತಿದ. ಸೇತುವೆಗೆ ಬಹಳ ಮೊದಲೇ ಗಾಡಿ ಸದ್ದಿಲ್ಲದೆ, ಅತ್ತಿತ್ತ ಎಳೆಯದೆ ನಿಂತಿತು.

ಮಹಾದೇವಪ್ಪನ ಹಣೆಯಲ್ಲಿ ಬೆವರು ಇಳಿಯುತ್ತಿತ್ತು. “ಆತಲ್ಲ?” ಎಂದ.

“ಗಾಡೀದು ಆತು. ಇವಂದು ಆಗಿಲ್ಲ.” ಹಣಮಂತಮ್ಮ ಮುಂದಿನ ಕಿಟಕಿಯತ್ತ ಕೈ ತೋರಿಸಿದಳು. “ಎಲ್ಲಿ ಕುಂತು ಕುಡುಕ ಅಂದಿರೋ ಅಲ್ಲೇ ಕುಂತು ಇಲ್ಲ ಅನ್ರಿ.”

ಸಂಜೆ ಚಹಾದಂಗಡಿ ತುಂಬಿತ್ತು. ಮಹಾದೇವಪ್ಪ ನಿಂತುಕೊಂಡೇ, “ಗಾಡ್ಯಾಗ ಜರಾ ಕೆಲಸ ಇತ್ತು, ಮಾಡ್ಸೀನಿ. ದ್ಯಾವಪ್ಪ ನಾಳಿಂದ ಬರ್ತಾನ,” ಎಂದು ಹೊರಡಲು ನೋಡಿದ.

“ಜರಾ?” ಎಂದಳು ಹಣಮಂತಮ್ಮ. ಗ್ಯಾರೇಜಿನಿಂದ ಗೋಣಿಚೀಲದಲ್ಲಿ ಹೊತ್ತು ತಂದಿದ್ದ ತುಕ್ಕಿನ ಡಿಸ್ಕನ್ನು ಬೆಂಚಿನ ಮೇಲೆ ಇಟ್ಟಳು. ಚಹಾದ ಬಸಿಗಳು ನಡುಗಿದವು. “ನೋಡ್ರಿ ಎಲ್ಲಾರೂ. ಇದು ಜರಾ ಅಂತ.”

ಜನ ಸುತ್ತುಗಟ್ಟಿದರು. ಒಬ್ಬ ಉಗುರಿನಿಂದ ಕೆರೆದು ತುಕ್ಕು ಉದುರಿಸಿದ. ಮಹಾದೇವಪ್ಪನಿಗೆ ಹೋಗಲು ದಾರಿ ಉಳಿಯಲಿಲ್ಲ.

“ಅಂವ ಕುಡದಿದ್ದಿಲ್ಲ,” ಎಂದ ಕೊನೆಗೆ.

“ಮತ್ತ?”

“ಬ್ರೇಕು ಖರಾಬ್ ಇತ್ತು. ನನಗ ಗೊತ್ತಿತ್ತು.”

ದ್ಯಾವಪ್ಪ ಮೂಲೆಯಲ್ಲಿ ನಿಂತಿದ್ದ. ಯಾರೋ ಅವನ ಕೈಗೆ ಚಹಾ ಕೊಟ್ಟರು. ಹಣಮಂತಮ್ಮ ಅವನ ಕಡೆ ನೋಡದೆ ಹೊರಬಂದಳು. ಅವನ ಮೇಲಿನ ಸಿಟ್ಟು ಅವಳಿಗೆ ಇನ್ನೂ ಹಾಗೇ ಇತ್ತು.

ಮನೆಗೆ ಹೋಗುವ ದಾರಿಯಲ್ಲೇ ಸುಂದ್ರಮ್ಮನ ಗುಡಿಸಲು. ಸುಂದ್ರಮ್ಮ ಪಟ್ಟಿ ಕಟ್ಟಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಇನ್ನೊಂದು ಕೈಯಿಂದ ಒಲೆ ಊದುತ್ತಿದ್ದಳು. ಹಣಮಂತಮ್ಮ ನಡೆದದ್ದೆಲ್ಲ ಹೇಳಿದಳು. ಸಾವ್ಕಾರ ಹಲಗೆಯ ಮೇಲೆ ಕೂತು ಕಿರುಚಿದ್ದನ್ನು ಕೇಳಿ ಸುಂದ್ರಮ್ಮ ನಕ್ಕಳು. ದ್ಯಾವಪ್ಪನ ಹೆಸರು ಉಳಿಯಿತಲ್ಲ, ಒಳ್ಳೆಯದಾಯಿತು ಎಂದಳು. ಆಮೇಲೆ ಹೊಗೆಗೆ ಕಣ್ಣು ಕಿರಿದು ಮಾಡಿಕೊಂಡು ಕೇಳಿದಳು.

“ನನ್ನ ಕೈದು ಏನಂದ್ರಕ್ಕ?”

ಹಣಮಂತಮ್ಮ ಆ ಪಟ್ಟಿ ಕಟ್ಟಿದ ಕೈ ನೋಡಿದಳು. ಬೆಳಗಿನಿಂದ ಸಂಜೆಯ ತನಕ ಅಷ್ಟೆಲ್ಲ ಕೂಗಾಡಿದ್ದಳು. ಈ ಕೈಯ ಮಾತನ್ನು ಮಹಾದೇವಪ್ಪ ಎತ್ತಲಿಲ್ಲ, ಉಸ್ಮಾನಸಾಬ ಎತ್ತಲಿಲ್ಲ, ತಾನೂ ಎತ್ತಲಿಲ್ಲ.

“ನಡಿ, ಏಳು,” ಎಂದಳು.

“ಎಲ್ಲಿಗಿ?”

“ಸಾವ್ಕಾರನ ಮನಿಗಿ.”

ದಾರಿಯಲ್ಲಿ ಅವಳು ಒಂದೊಂದು ಬಾಗಿಲು ಬಡಿದಳು. ಹಜರಾಬೀ ಬಂದಳು, ಉಳಿದವರೂ ಬಂದರು. ಮಹಾದೇವಪ್ಪ ಎಂಜಲು ಕೈಯಲ್ಲೇ ಹೊಸ್ತಿಲಿಗೆ ಬಂದಾಗ ಅಂಗಳದ ತುಂಬ ಹೆಣ್ಣುಮಕ್ಕಳು ನಿಂತಿದ್ದರು, ಎಲ್ಲರ ಮುಂದೆ ಸುಂದ್ರಮ್ಮ. ಕೈ ಕೂಡಿ ಅವಳು ಮತ್ತೆ ಗದ್ದೆಗೆ ಇಳಿಯುವ ತನಕ ಅವಳ ಕೂಲಿ ಅವಳ ಮನೆಗೆ ಬರಬೇಕು, ಇಲ್ಲವಾದರೆ ಗಾಡಿ ಇಲ್ಲೇ ನಿಲ್ಲಲಿ, ಎಂದಳು ಹಣಮಂತಮ್ಮ. ಅವನು ಹೆಂಡತಿಯ ಕಡೆ ತಿರುಗಿದ. ಅವಳು ಕಂಬಕ್ಕೆ ಒರಗಿ ಸುಂದ್ರಮ್ಮನ ಕೈಯನ್ನೇ ನೋಡುತ್ತಿದ್ದಳು.

“ಹೂಂ ಅನ್ರಿ,” ಎಂದಳು ಅವಳು.

ಅವನು ಹೂಂ ಅಂದ. ಹಣಮಂತಮ್ಮ, “ಇಕಿ ಮುಖ ನೋಡಿ ಅನ್ರಿ,” ಎಂದಳು. ಅವನು ಸುಂದ್ರಮ್ಮನ ಮುಖ ನೋಡಿ ಇನ್ನೊಮ್ಮೆ ಅಂದ.